ಮಸ್ಕತ್ ಬಂದರಿನಲ್ಲಿ ಗಂಡಭೇರುಂಡ



2026ರ ಜನವರಿ ತಿಂಗಳಿನಲ್ಲಿ ಓಮಾನ್ ದೇಶದ ರಾಜಧಾನಿ ಮಸ್ಕತ್ತಿನ ಬಂದರಿಗೆ ಭಾರತೀಯ ನೌಕಾಪಡೆಯ ಒಂದು ಹಡಗು ಬಂದು ಸೇರಿತು. ನೌಕಾಪಡೆಯ ಹಡಗುಗಳು ಪರದೇಶದ ಬಂದರುಗಳಿಗೆ ಭೇಟಿ ಕೊಡುವುದು ಹೊಸ ಸಂಗತಿಯೇನಲ್ಲ. ಆದರೆ ಈ ಹಡಗಿಗೆ ಎಂಜಿನ್ ಇರಲಿಲ್ಲ. ಇದರ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿರಲಿಲ್ಲ. ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದರು. ದಿಕ್ಕು ತಿರುಗಿಸಲು ಚುಕ್ಕಾಣಿಯ ಬದಲು ಹಿಂಭಾಗದಲ್ಲಿ ದೊಡ್ಡ ಹುಟ್ಟುಗಳಿದ್ದವು. ಹಾಯಿಯ ಮೇಲೆ ಸೂರ್ಯನ ಜೊತೆಗೆ ನಮ್ಮೆಲ್ಲರಿಗೂ ಗುರುತಿರುವ ಚಿತ್ರವೊಂದಿತ್ತು. ಅದು ಎರಡು ತಲೆಯ ಗಂಡಭೇರುಂಡ.

ಹಡಗಿನ ಹೆಸರು ಕೌಂಡಿನ್ಯ. 2025ರ ಮೇ 21ರಂದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದ ನೌಕಾನೆಲೆಯಲ್ಲಿ ಇದನ್ನು ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು. ಅದೇ ವರ್ಷದ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಹೊರಟು, ಸುಮಾರು 1,400 ಕಿ.ಮೀ. ದೂರವನ್ನು ಗಾಳಿಯ ಬಲದಿಂದಲೇ ಕ್ರಮಿಸಿ ಅದು ಮಸ್ಕತ್ ತಲುಪಿತು.

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲೋ ಬಂಗಾರಪೇಟೆಯಲ್ಲೋ ಕುಳಿತು ಇದನ್ನು ಓದುತ್ತಿರುವ ನಿಮಗೆ ಒಂದು ಪ್ರಶ್ನೆ ಏಳಬಹುದು. ನಮ್ಮ ಊರು ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಕೆರೆ ತುಂಬಿದರೆ ಅದೇ ನಮಗೆ ದೊಡ್ಡ ನೀರು. ಹಾಯಿ ಹಡಗಿನ ಕಥೆ ನಮಗೇಕೆ?

ಎರಡು ಕಾರಣಗಳಿಂದ ಈ ಕಥೆ ನಿಮ್ಮದೂ ಹೌದು. ಮೊದಲನೆಯದು, ಕನ್ನಡ ನಾಡಿನ ಹಡಗುಗಳು ಮಸ್ಕತ್ತಿಗೆ ಹೋಗಿ ಬರುತ್ತಿದ್ದ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಬಂಗಾರಪೇಟೆ ತಾಲ್ಲೂಕಿನಲ್ಲಿ ಹುಟ್ಟಿದ ಒಬ್ಬ ವ್ಯಕ್ತಿಯಿಂದ ಆರಂಭವಾಗುತ್ತದೆ. ಎರಡನೆಯದನ್ನು ಲೇಖನದ ಕೊನೆಯ ಭಾಗದಲ್ಲಿ ಹೇಳುತ್ತೇನೆ. ಅದು ನಿಮ್ಮ ಮನೆಯ ಹಿರಿಯರಿಗೆ ಸಂಬಂಧಿಸಿದ್ದು.

ಬೂದಿಕೋಟೆಯಿಂದ ಕಡಲತೀರಕ್ಕೆ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿಯ ಜನ್ಮಸ್ಥಳ ಎಂಬುದು ನಿಮಗೆ ತಿಳಿದೇ ಇದೆ. ಸಾಮಾನ್ಯ ಸೈನಿಕನಾಗಿ ಮೈಸೂರಿನ ಸೇವೆಗೆ ಸೇರಿದ ಹೈದರ್ 1763ರಲ್ಲಿ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಗೆದ್ದುಕೊಂಡ. ಈ ಗೆಲುವಿನಿಂದ ಮಲೆನಾಡಿನ ಜೊತೆಗೆ ಮಂಗಳೂರು, ಹೊನ್ನಾವರ ಮುಂತಾದ ಬಂದರುಗಳೂ ಅವನ ಕೈಗೆ ಬಂದವು. ಬಯಲುಸೀಮೆಯ ಕುದುರೆ ಸವಾರನ ಮುಂದೆ ಇದ್ದಕ್ಕಿದ್ದಂತೆ ಸಮುದ್ರ ತೆರೆದುಕೊಂಡಿತು.

ಆ ಬಂದರುಗಳ ವ್ಯಾಪಾರ ಅಷ್ಟು ಹೊತ್ತಿಗೆ ಬಹಳ ಹಳೆಯದಾಗಿತ್ತು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತಾ, ಅಲ್ಲಿನ ಸುಲ್ತಾನನ ನೌಕಾಬಲಕ್ಕೆ ಹೆದರಿ ಮಲಬಾರಿನ ಜನ ಅವನಿಗೆ ಕಾಣಿಕೆ ಸಲ್ಲಿಸುತ್ತಿದ್ದರೆಂದು ಬರೆದಿದ್ದಾನೆ. ಓಮಾನ್ ಮರುಭೂಮಿಯ ನಾಡು. ಅಲ್ಲಿ ಹಡಗು ಕಟ್ಟಲು ಬೇಕಾದ ದೊಡ್ಡ ಮರಗಳಿಲ್ಲ. ಬತ್ತ ಬೆಳೆಯುವಷ್ಟು ನೀರೂ ಇಲ್ಲ. ನಮ್ಮ ಪಶ್ಚಿಮ ಘಟ್ಟದ ತೇಗ, ಕರಾವಳಿಯ ತೆಂಗಿನ ನಾರು, ಮಂಗಳೂರಿನ ಅಕ್ಕಿ ಅವರಿಗೆ ಬೇಕಿತ್ತು. ಅವರ ಕಡೆಯಿಂದ ಕುದುರೆ, ಖರ್ಜೂರ, ಗಂಧಕ ನಮ್ಮ ಕಡೆಗೆ ಬರುತ್ತಿದ್ದವು.

ಹೈದರಾಲಿ ನೌಕಾದಳವನ್ನು ಕಟ್ಟಲು ಕೈಹಾಕಿದ. ಹಡಗುಗಳೇನೋ ಸಿದ್ಧವಾದವು. ಆದರೆ ಅವುಗಳ ಮೇಲೆ ಅಧಿಪತಿಯಾಗಿ ಅವನು ನೇಮಿಸಿದ್ದು ಲುತ್ಫ್ ಅಲಿ ಬೇಗ್ ಎಂಬ ಕುದುರೆ ದಳದ ಅಧಿಕಾರಿಯನ್ನು. ಸಮುದ್ರದಲ್ಲಿ ಪಳಗಿದ ಹಡಗಿನ ನಾಯಕರಿಗೆ ಇದು ಸಹಿಸದಾಯಿತು. 1768ರಲ್ಲಿ ಬೊಂಬಾಯಿಯಿಂದ ಇಂಗ್ಲಿಷರ ನೌಕಾದಳ ಬಂದಾಗ ಹೈದರನ ಹಡಗುಗಳ ನಾಯಕರು ಯುದ್ಧ ಮಾಡದೆ ಶತ್ರುಪಕ್ಷವನ್ನೇ ಸೇರಿಕೊಂಡರು. ಹೈದರ್ ಮತ್ತೆ ಹಡಗುಗಳನ್ನು ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿ ಅವುಗಳನ್ನು ನಾಶಮಾಡಿದ.

ಇಲ್ಲಿ ಒಂದು ನಿಮಿಷ ನಿಂತು ಯೋಚಿಸಿ. ಭೂಮಿಯ ಮೇಲೆ ಹೈದರನಂಥ ಸೇನಾನಿ ಆ ಕಾಲದ ದಕ್ಷಿಣ ಭಾರತದಲ್ಲಿ ವಿರಳ. ಅವನಿಗೆ ಹಣದ ಕೊರತೆಯಾಗಲಿ ಮರದ ಕೊರತೆಯಾಗಲಿ ಇರಲಿಲ್ಲ. ಕುದುರೆಯ ಬೆನ್ನಿನ ಮೇಲೆ ಕಲಿತ ವಿದ್ಯೆ ಹಡಗಿನ ಮೇಲೆ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಮಾತ್ರ ಅವನು ಗಣನೆಗೆ ತೆಗೆದುಕೊಂಡಿರಲಿಲ್ಲ.

ತದಡಿಯಿಂದ ಹೊರಟ ನಾಲ್ಕು ಹಡಗುಗಳು

ಹೈದರನ ಮಗ ಟಿಪ್ಪು ಸುಲ್ತಾನ್ ಮಸ್ಕತ್ತಿನ ವ್ಯಾಪಾರದ ಬೆಲೆಯನ್ನು ಚೆನ್ನಾಗಿ ಅರಿತಿದ್ದ. ಅಲ್ಲಿ ಮೈಸೂರು ರಾಜ್ಯದ ವ್ಯಾಪಾರದ ಕೋಠಿಯೊಂದನ್ನು ತೆರೆದ. ಶ್ರೀಗಂಧ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿಗೆ ಹೋಗುತ್ತಿದ್ದವು.

ಗೋಕರ್ಣದ ಹತ್ತಿರ, ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ತದಡಿ ಎಂಬ ಬಂದರಿದೆ. ಇಂದು ಕೌಂಡಿನ್ಯ ಸೇರ್ಪಡೆಯಾದ ಕಾರವಾರ ಅಲ್ಲಿಂದ ಉತ್ತರಕ್ಕೆ ಹೆಚ್ಚು ದೂರವೇನಿಲ್ಲ. 1786ರ ಮಾರ್ಚ್ ತಿಂಗಳಿನಲ್ಲಿ ಟಿಪ್ಪುವಿನ ನಾಲ್ಕು ಹಡಗುಗಳು ಈ ತದಡಿಯಿಂದ ಹೊರಟವು. ತುರ್ಕಿಯ ಸುಲ್ತಾನನ ಬಳಿಗೆ, ಅಂದರೆ ಈಗಿನ ಇಸ್ತಾಂಬುಲ್ ನಗರಕ್ಕೆ ಹೋಗುವ ರಾಯಭಾರಿಗಳು ಅವುಗಳಲ್ಲಿದ್ದರು. ಮಾರಾಟದ ಸರಕೂ ತುಂಬಿತ್ತು. ಹಡಗುಗಳು ಮೊದಲು ನಿಂತ ದೊಡ್ಡ ಪರದೇಶಿ ಬಂದರು ಮಸ್ಕತ್. ಆ ರಾಯಭಾರದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ಪಾರಸಿ ಭಾಷೆಯಲ್ಲಿ ಬರೆದಿಟ್ಟ ದಿನಚರಿ ಉಳಿದುಬಂದಿರುವುದರಿಂದ ಆ ಪಯಣದ ವಿವರ ನಮಗೆ ಸಿಗುತ್ತದೆ. ಮುಂದಿನ ಪಯಣ ಕಷ್ಟದ್ದಾಗಿತ್ತು. ಹಡಗುಗಳಿಗೆ ಹಾನಿಯಾಯಿತು. ಪ್ಲೇಗು ಮುಂತಾದ ರೋಗಗಳಿಗೆ ಅನೇಕರು ಬಲಿಯಾದರು. ನೂರಾರು ಜನರ ಆ ತಂಡದಲ್ಲಿ ಊರಿಗೆ ಮರಳಿದವರು ಕೆಲವರು ಮಾತ್ರ.

ಟಿಪ್ಪು ಮಸ್ಕತ್ತಿನ ತನ್ನ ಪ್ರತಿನಿಧಿಗೆ ಬರೆಸಿದ ಪತ್ರಗಳು ಬಹಳ ಸ್ವಾರಸ್ಯವಾಗಿವೆ. ರೇಷ್ಮೆಹುಳುವಿನ ಮೊಟ್ಟೆಗಳನ್ನು ಕಳುಹಿಸಬೇಕೆಂದು ಅವನು ಕೇಳುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ, ಆ ಹುಳುಗಳನ್ನು ಸಾಕುವುದು ಗೊತ್ತಿರುವ ಜನರನ್ನೂ ಜೊತೆಯಲ್ಲಿ ಕಳುಹಿಸಬೇಕೆನ್ನುತ್ತಾನೆ. ಹಡಗು ಕಟ್ಟುವ ಕೆಲಸಗಾರರನ್ನೂ ಕೇಳುತ್ತಾನೆ. ರೇಷ್ಮೆಯ ಜಿಲ್ಲೆಯೆಂದೇ ಹೆಸರಾದ ಕೋಲಾರದ ಮಕ್ಕಳಾದ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹುಳು ಯಾವಾಗ ಹಣ್ಣಾಯಿತು, ಯಾವಾಗ ಚಂದ್ರಿಕೆಗೆ ಬಿಡಬೇಕು ಎಂಬುದನ್ನು ಮೊಟ್ಟೆ ಹೇಳುವುದಿಲ್ಲ. ಅದನ್ನು ಸಾಕಿದವರ ಕಣ್ಣು ಹೇಳಬೇಕು.

ಇಷ್ಟು ತಿಳಿದಿದ್ದ ಟಿಪ್ಪು 1796ರಲ್ಲಿ ಸುಮಾರು 40 ಯುದ್ಧನೌಕೆಗಳ ಮಹಾ ಯೋಜನೆಯನ್ನು ಹಾಕಿಕೊಂಡ. ಅಧಿಕಾರಿಗಳ ಪದವಿ, ಸಂಬಳ, ಹಡಗುಗಳ ವಿನ್ಯಾಸ ಎಲ್ಲವನ್ನೂ ಆಜ್ಞೆಯಲ್ಲಿ ಬರೆಸಿದ. ಆದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಯೋಜನೆಯ ಬಹುಭಾಗ ಕಾಗದದಲ್ಲೇ ಉಳಿಯಿತು. ಅವನಿಗೆ ಇನ್ನೂ ಹತ್ತು ವರ್ಷ ಸಿಕ್ಕಿದ್ದರೆ ಹಡಗುಗಳು ಸಿದ್ಧವಾಗುತ್ತಿದ್ದವೇನೋ. ಆದರೂ ಅಷ್ಟು ಹಡಗುಗಳಿಗೆ ಬೇಕಾದ ಪಳಗಿದ ನಾವಿಕರನ್ನು ಎಲ್ಲಿಂದ ತರುತ್ತಿದ್ದ ಎಂಬ ಪ್ರಶ್ನೆ ಉಳಿಯುತ್ತದೆ. ಮರ ಕಡಿದು ಹಡಗು ಮಾಡಲು ತಿಂಗಳುಗಳು ಸಾಕು. ನಾವಿಕ ಸಿದ್ಧನಾಗಲು ವರ್ಷಗಳು ಬೇಕು.

ಹಿಂಗಾರು ಗಾಳಿ ಮತ್ತು ಹಾಯಿ

ಈಗ ಸ್ವಲ್ಪ ವಿಜ್ಞಾನದ ಕಡೆಗೆ ಬರೋಣ. ಕೌಂಡಿನ್ಯ ಡಿಸೆಂಬರ್ ಕೊನೆಯಲ್ಲಿ ಹೊರಟಿತು. ಟಿಪ್ಪುವಿನ ಹಡಗುಗಳು ಮಾರ್ಚ್ ತಿಂಗಳಿನಲ್ಲಿ ಹೊರಟವು. ಜುಲೈನಲ್ಲಿ ಏಕೆ ಹೊರಡಲಿಲ್ಲ?

ಉತ್ತರ ನಿಮ್ಮ ಊರಿನ ಹೊಲದಲ್ಲೇ ಇದೆ. ಕೋಲಾರ ಜಿಲ್ಲೆಗೆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹಿಂಗಾರು ಮಳೆ ಬರುತ್ತದೆ. ಚಳಿಗಾಲದಲ್ಲಿ ಏಷ್ಯಾ ಖಂಡದ ನೆಲ ಬೇಗ ತಣ್ಣಗಾಗುತ್ತದೆ. ಸಮುದ್ರ ನಿಧಾನವಾಗಿ ತಣಿಯುತ್ತದೆ. ತಣ್ಣನೆಯ ನೆಲದ ಮೇಲೆ ಗಾಳಿಯ ಒತ್ತಡ ಹೆಚ್ಚು. ಆದ್ದರಿಂದ ಗಾಳಿ ನೆಲದಿಂದ ಸಮುದ್ರದ ಕಡೆಗೆ, ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಭೂಮಿಯ ತಿರುಗುವಿಕೆಯಿಂದಾಗಿ ಉತ್ತರಾರ್ಧಗೋಳದಲ್ಲಿ ಗಾಳಿ ತನ್ನ ಬಲಕ್ಕೆ ಬಾಗುತ್ತದೆ. ಹೀಗಾಗಿ ನಮಗೆ ಅದು ಈಶಾನ್ಯ ದಿಕ್ಕಿನಿಂದ ಬಂದಂತೆ ತೋರುತ್ತದೆ. ಬಂಗಾಳ ಕೊಲ್ಲಿಯನ್ನು ದಾಟುವಾಗ ತೇವ ಹೀರಿಕೊಂಡು ನಿಮ್ಮ ರಾಗಿ ಹೊಲಕ್ಕೆ ಮಳೆ ಕೊಡುವುದು ಇದೇ ಈಶಾನ್ಯ ಮಾರುತ. ಅರಬ್ಬೀ ಸಮುದ್ರದ ಮೇಲೂ ಇದೇ ಮಾರುತ ಬೀಸಿ, ಪಶ್ಚಿಮಕ್ಕೆ ಹೋಗುವ ಹಡಗನ್ನು ಹಿಂದಿನಿಂದ ನೂಕುತ್ತದೆ. ಜೂನ್ ತಿಂಗಳಿಂದ ಗಾಳಿ ತಿರುಗುತ್ತದೆ. ಆಗ ನೈಋತ್ಯ ಮಾರುತದ ಅಬ್ಬರದಲ್ಲಿ ಕರಾವಳಿಯ ಹಾಯಿ ಸಂಚಾರವೆಲ್ಲ ನಿಂತುಹೋಗುತ್ತಿತ್ತು. ಮಾನ್ಸೂನ್ ಎಂಬ ಪದವೇ ಋತು ಎಂಬ ಅರ್ಥದ ಮೌಸಿಮ್ ಎಂಬ ಅರಬ್ಬಿ ಪದದಿಂದ ಬಂದದ್ದು.

ಹೊಲಿದ ಹಡಗು ತೆರೆಗಳ ಹೊಡೆತವನ್ನು ತಡೆಯುತ್ತದೆಯೇ ಎಂಬ ಅನುಮಾನವೂ ನಿಮಗೆ ಬಂದಿರಬಹುದು. ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹಚ್ಚಿದ ಊಟದ ಎಲೆಯನ್ನು ನೆನಪಿಸಿಕೊಳ್ಳಿ. ಅದನ್ನು ಎತ್ತಿದಾಗ ಬಾಗುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ಹೊಲಿದ ಹಡಗಿನ ಗುಣವೂ ಹೀಗೆಯೇ. ಹಲಗೆಗಳ ಅಂಚಿಗೆ ಅಂಚು ಕೂಡಿಸಿ, ತೂತು ಕೊರೆದು, ಸಂದಿಯ ಮೇಲೆ ತೆಂಗಿನ ನಾರನ್ನಿಟ್ಟು ಹಗ್ಗದಿಂದ ಬಿಗಿಯುತ್ತಾರೆ. ಮೇಲೆ ಮರದ ರಾಳ ಬಳಿಯುತ್ತಾರೆ. ತೆರೆ ಹೊಡೆದಾಗ ಹಡಗಿನ ಮೈ ಸ್ವಲ್ಪ ಬಾಗಿ ಪೆಟ್ಟನ್ನು ಹಂಚಿಕೊಳ್ಳುತ್ತದೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ ಎಂದು ಇಬ್ನ್ ಬತೂತಾ ಆಗಲೇ ಗಮನಿಸಿದ್ದ.

ಚಿತ್ರದಿಂದ ಹಡಗು

ಕೌಂಡಿನ್ಯವನ್ನು ಕಟ್ಟಿದ ಬಗೆ ಇನ್ನೂ ಕುತೂಹಲಕರ. ಅಜಂತಾ ಗುಹೆಯಲ್ಲಿ 5ನೇ ಶತಮಾನದ ಒಂದು ವರ್ಣಚಿತ್ರವಿದೆ. ಅದರಲ್ಲಿ ಒಂದು ಹಡಗಿದೆ. ಅಂಥ ಹಡಗಿನ ನಕ್ಷೆಯಾಗಲಿ ಅಳತೆಯ ಪುಸ್ತಕವಾಗಲಿ ಉಳಿದಿಲ್ಲ. ಇದ್ದದ್ದು ಗೋಡೆಯ ಮೇಲಿನ ಆ ಚಿತ್ರ ಒಂದೇ. 2023ರ ಜುಲೈನಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹಡಗು ನಿರ್ಮಾಣ ಸಂಸ್ಥೆ ಹೋಡಿ ಇನ್ನೋವೇಷನ್ಸ್ ಒಪ್ಪಂದ ಮಾಡಿಕೊಂಡವು. ಅದೇ ಸೆಪ್ಟೆಂಬರಿನಲ್ಲಿ ಕೆಲಸ ಆರಂಭವಾಯಿತು. ಚಿತ್ರವನ್ನು ನೋಡಿ ನೌಕಾಪಡೆಯ ತಜ್ಞರು ವಿನ್ಯಾಸ ತಯಾರಿಸಿದರು. ಮದರಾಸಿನ ಐ.ಐ.ಟಿ.ಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಅದರ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲಾಯಿತು.

ಆದರೆ ಲೆಕ್ಕಾಚಾರದಿಂದ ಹಲಗೆ ಹೊಲಿಯಲು ಬರುವುದಿಲ್ಲ. ಅದಕ್ಕೆ ಕೇರಳದ ಕುಶಲಕರ್ಮಿಗಳು ಬೇಕಾದರು. ಬಾಬು ಶಂಕರನ್ ಅವರ ಮುಂದಾಳ್ತನದಲ್ಲಿ ಅವರ ತಂಡ ತಿಂಗಳುಗಟ್ಟಲೆ ಕುಳಿತು ಸಾವಿರಾರು ಹೊಲಿಗೆಗಳನ್ನು ಕೈಯಿಂದಲೇ ಹಾಕಿತು. ದೋಣಿ ಹೊಲಿಯುವ ಕೆಲಸ ನಮ್ಮ ಕರಾವಳಿಯಲ್ಲಿ ಬಹುತೇಕ ಮರೆಯಾಗಿದ್ದರೂ ಕೆಲವು ಕೈಗಳಲ್ಲಿ ಇನ್ನೂ ಉಳಿದಿತ್ತು. ಆ ಕೈಗಳೂ ಇಲ್ಲವಾಗಿದ್ದರೆ ಅಜಂತಾದ ಹಡಗು ಚಿತ್ರವಾಗಿಯೇ ಇರುತ್ತಿತ್ತು.

ಹಡಗು ಸಿದ್ಧವಾದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಇಂಥ ಹಡಗನ್ನು ನಡೆಸಿದ ಅನುಭವವಿದ್ದವರು ಇಂದು ವಿರಳ. ಚೌಕಾಕಾರದ ಹಾಯಿ ಎಷ್ಟು ಗಾಳಿ ತಡೆದೀತು? ಹುಟ್ಟಿನಿಂದ ಎಷ್ಟು ಬೇಗ ತಿರುಗೀತು? ಹಡಗಿನ ಮೇಲೆಯೇ ಪ್ರಯೋಗ ಮಾಡುತ್ತ ನಾವಿಕರು ಇದನ್ನು ಕಲಿತರು. ಮಸ್ಕತ್ತಿಗೆ ಹೊರಟಾಗ ಕಮಾಂಡರ್ ವಿಕಾಸ್ ಶೆಯೊರಾನ್ ನಾಯಕರಾಗಿದ್ದರು. ಒಟ್ಟು ನಾಲ್ವರು ಅಧಿಕಾರಿಗಳು, 13 ಮಂದಿ ನಾವಿಕರು ಇದ್ದರು.

ಓಮಾನ್ ಜನರಿಗೆ ಈ ಹಡಗು ಅಪರಿಚಿತವಾಗಿ ಕಂಡಿರಲಾರದು. 1980ರಲ್ಲಿ ಐರ್ಲೆಂಡಿನಲ್ಲಿ ನೆಲೆಸಿದ್ದ ಸಾಹಸಿ ಟಿಮ್ ಸೆವೆರಿನ್ ಮಸ್ಕತ್ತಿನಿಂದ ಚೀನಾಕ್ಕೆ ಹೊರಟಿದ್ದು ಸೊಹಾರ್ ಎಂಬ ಹೊಲಿದ ಹಡಗಿನಲ್ಲಿ. ಓಮಾನಿನಲ್ಲಿ ಕಟ್ಟಿದ ಆ ಹಡಗಿನ ಮರ ನಮ್ಮ ಪಶ್ಚಿಮ ಘಟ್ಟದ ಹೆಬ್ಬಲಸು. 2010ರಲ್ಲಿ ಇಂಥದೇ ಇನ್ನೊಂದು ಹೊಲಿದ ಹಡಗು ಮಸ್ಕತ್ತಿನಿಂದ ಸಿಂಗಪುರಕ್ಕೆ ಹೋಗುವಾಗ ಕೊಚ್ಚಿಯಲ್ಲಿ ನಿಂತಿತ್ತು. ಈ ಬಾರಿ ಭೇಟಿ ಇತ್ತ ಕಡೆಯಿಂದ ಹೋಯಿತು. ಹಾಯಿಯ ಮೇಲಿದ್ದ ಗಂಡಭೇರುಂಡ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲಿದೆ. ಮೈಸೂರು ಅರಸರ ಲಾಂಛನವಾಗಿತ್ತು. ಈಗ ನಮ್ಮ ರಾಜ್ಯದ ಲಾಂಛನದಲ್ಲೂ ಇದೆ.

ಪರಮಾಣು ಯುಗದಲ್ಲಿ ಹಾಯಿ ಏಕೆ?

ಕೌಂಡಿನ್ಯ ಒಂದು ವಿಶೇಷ ಪ್ರಯೋಗ. ಆದರೆ ಹಾಯಿ ಹಡಗಿನಲ್ಲಿ ತರಬೇತಿ ಕೊಡುವುದು ನೌಕಾಪಡೆಯಲ್ಲಿ ನಿತ್ಯದ ಕ್ರಮ. ಇದಕ್ಕಾಗಿಯೇ ಕೊಚ್ಚಿಯಲ್ಲಿ ಎರಡು ಹಡಗುಗಳಿವೆ. ಮೂರು ಹಾಯಿಕಂಬಗಳ ಐ.ಎನ್.ಎಸ್. ತರಂಗಿಣಿ 1997ರ ನವೆಂಬರ್ 11ರಂದು ಸೇವೆಗೆ ಬಂದಿತು. ಅದೇ ಮಾದರಿಯ ಐ.ಎನ್.ಎಸ್. ಸುದರ್ಶಿನಿ 2012ರಲ್ಲಿ ಬಂದಿತು. ಎರಡೂ ಗೋವಾ ಷಿಪ್‌ಯಾರ್ಡ್‌ನಲ್ಲಿ ತಯಾರಾದವು. ತರಂಗಿಣಿ 2003ರ ಜನವರಿಯಿಂದ 2004ರ ಏಪ್ರಿಲ್ ವರೆಗೆ ಇಡೀ ಭೂಮಿಯನ್ನು ಸುತ್ತಿ ಬಂದಿತು. ಸುದರ್ಶಿನಿ 2012-13ರಲ್ಲಿ ಆಗ್ನೇಯ ಏಷ್ಯಾದ ದೇಶಗಳ ಬಂದರುಗಳನ್ನು ಸಂದರ್ಶಿಸಿತು. ಓಮಾನ್ ನೌಕಾಪಡೆಗೂ ಶಬಾಬ್ ಓಮಾನ್ ಎಂಬ ಹಾಯಿ ತರಬೇತಿ ಹಡಗಿದೆ.

ಪರಮಾಣು ಶಕ್ತಿಯ ಜಲಾಂತರ್ಗಾಮಿಯನ್ನು ಕಟ್ಟಬಲ್ಲ ದೇಶ ತನ್ನ ತರುಣರನ್ನು ಹಗ್ಗ ಎಳೆಯಲು, ಹಾಯಿಕಂಬ ಹತ್ತಲು ಏಕೆ ಕಳುಹಿಸುತ್ತದೆ? ಎಂಜಿನ್ ಇರುವ ಹಡಗಿನಲ್ಲಿ ಗಾಳಿಯನ್ನು ಗಮನಿಸದೆಯೂ ದಿನ ಕಳೆಯಬಹುದು. ಹಾಯಿ ಹಡಗಿನಲ್ಲಿ ಅದು ಸಾಧ್ಯವಿಲ್ಲ. ಗಾಳಿ ತಿರುಗಿದ್ದು ಕೆನ್ನೆಗೆ ತಿಳಿಯಬೇಕು. ಪಕ್ಕದವನು ಹಗ್ಗ ಬಿಟ್ಟರೆ ಕಂಬದ ಮೇಲಿರುವವನ ಪ್ರಾಣಕ್ಕೆ ಅಪಾಯ. ನೆಚ್ಚಿಕೆ, ಎಚ್ಚರ, ಜೊತೆಗೂಡಿ ದುಡಿಯುವುದು ಇವೆಲ್ಲ ಅಲ್ಲಿ ಪಾಠದ ಮಾತುಗಳಾಗಿ ಉಳಿಯುವುದಿಲ್ಲ. ಹೈದರಾಲಿ ತನ್ನ ಹಡಗುಗಳಿಗೆ ಕೊಡಲಾಗದೆ ಹೋದದ್ದು ಈ ಪಳಗಿಕೆಯನ್ನೇ. ಇಂಥ ಹಡಗು ಪರದೇಶದ ಬಂದರಿಗೆ ಹೋದಾಗ ಅಲ್ಲಿನ ನಾವಿಕರು ಹಗ್ಗದ ಗಂಟು, ಹಾಯಿಯ ಬಿಗಿ ನೋಡಿಯೇ ಬಂದವರ ಯೋಗ್ಯತೆಯನ್ನು ಅಳೆಯುತ್ತಾರೆ. ಅದಕ್ಕೆ ದುಭಾಷಿ ಬೇಕಾಗಿಲ್ಲ.

ನಿಮ್ಮ ಮನೆಯಲ್ಲಿರುವ ವಿದ್ಯೆ

ಈಗ ನಾನು ಆರಂಭದಲ್ಲಿ ಹೇಳಿದ ಎರಡನೆಯ ಕಾರಣಕ್ಕೆ ಬರುತ್ತೇನೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗಳನ್ನು ವಹಿಸಿಕೊಂಡ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಹಡಗು ಹತ್ತಿ ಬಂದರು. ಆಳದ ಗಣಿಯ ವಿದ್ಯೆ ನಿಮ್ಮ ಊರಿಗೆ ಸಮುದ್ರದ ದಾರಿಯಿಂದಲೇ ಬಂದಿತು. ಅದಕ್ಕೂ ಮುಂಚೆ, 1802ರಲ್ಲಿ, ಸೇನಾಧಿಕಾರಿ ಜಾನ್ ವಾರನ್ ಇತ್ತ ಬಂದಾಗ ಮಾರಿಕುಪ್ಪಂ ಸುತ್ತಲಿನ ಹಳ್ಳಿಗರು ತಮ್ಮದೇ ರೀತಿಯಲ್ಲಿ ಕಲ್ಲು ಕುಟ್ಟಿ, ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಕಂಡಿದ್ದ. ಈ ಎರಡು ಬಗೆಯ ಅರಿವೂ ಸೇರಿ, ಸುತ್ತಮುತ್ತಲಿನ ಕನ್ನಡ, ತಮಿಳು, ತೆಲುಗು ಜನರ ದುಡಿಮೆಯಿಂದ ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. ಲೆಕ್ಕ ಹಾಕಿ ನೋಡಿ. ಸಮುದ್ರವನ್ನೇ ಕಾಣದ ನಿಮ್ಮ ಊರಿನ ಕಾರ್ಮಿಕರು ಸಮುದ್ರಮಟ್ಟಕ್ಕಿಂತ ಎರಡು ಕಿ.ಮೀ. ಕೆಳಗೆ ಕೆಲಸ ಮಾಡಿ ಸಂಜೆ ಮನೆಗೆ ಬರುತ್ತಿದ್ದರು.

ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ, ಸದ್ದು ಕೇಳಿ ಅದು ಗಟ್ಟಿಯೋ ಸಡಿಲವೋ ಹೇಳುವುದು, ಎಲ್ಲಿ ಆಸರೆ ಕಟ್ಟಬೇಕೆಂದು ನಿರ್ಧರಿಸುವುದು, ಬಂಡೆ ಸಿಡಿಯುವ ಮುನ್ಸೂಚನೆಯನ್ನು ಗ್ರಹಿಸುವುದು, ಇವೆಲ್ಲ ಹಳಬರಿಂದ ಹೊಸಬರು ಕತ್ತಲೆಯಲ್ಲಿ ನಿಂತು ಕಲಿತ ವಿದ್ಯೆಗಳು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆ ದಿನ ಸಂಬಳ ನಿಂತಿತು. ಅದು ಎಲ್ಲರಿಗೂ ಕಂಡಿತು. ಹಳಬರಿಂದ ಹೊಸಬರಿಗೆ ಸಾಗುತ್ತಿದ್ದ ವಿದ್ಯೆಯ ಸರಪಳಿಯೂ ಅಂದೇ ಕಡಿಯಿತು. ಅದನ್ನು ಗಮನಿಸಿದವರು ಕಡಿಮೆ. ಗಣಿ ಮುಚ್ಚಿದ ವರ್ಷ 30 ವಯಸ್ಸಾಗಿದ್ದವರು ಈಗ 55ರ ಆಸುಪಾಸಿನಲ್ಲಿದ್ದಾರೆ. ಅವರಿಗೆ ಕಲಿಸಿದವರಲ್ಲಿ ಅನೇಕರು ಈಗಿಲ್ಲ.

ಅಜಂತಾದ ಚಿತ್ರಕಾರ ಹಡಗನ್ನು ಬರೆದ. ಹೊಲಿಗೆಯ ವಿಧಾನವನ್ನು ಯಾರೂ ಬರೆದಿಡಲಿಲ್ಲ. ಅದನ್ನು ಮತ್ತೆ ಪಡೆಯಲು ಇಷ್ಟೆಲ್ಲ ತಜ್ಞರು, ಇಷ್ಟು ವರ್ಷಗಳ ಕೆಲಸ ಬೇಕಾಯಿತು. ಗಣಿಯ ಯಂತ್ರಗಳ ಛಾಯಾಚಿತ್ರಗಳು ಬಹಳಷ್ಟಿವೆ. ಬಂಡೆಯ ಸದ್ದನ್ನು ಹೇಗೆ ಕೇಳಬೇಕು ಎಂಬುದರ ಚಿತ್ರವಿಲ್ಲ.

ಆದ್ದರಿಂದ ಈ ಪಾಠದ ಅಭ್ಯಾಸವನ್ನು ನಿಮ್ಮ ಓಣಿಯಲ್ಲೇ ಮಾಡಬಹುದು. ಗಣಿಯೊಳಗೆ ದುಡಿದ ಒಬ್ಬ ಹಿರಿಯರನ್ನು ಭೇಟಿಮಾಡಿ. ಕೆಲಸದ ಮೊದಲ ದಿನ ಅವರಿಗೆ ಏನು ಕಲಿಸಿದರು, ಯಾರು ಕಲಿಸಿದರು, ಯಾವ ಸದ್ದಿಗೆ ಹಿಂದೆ ಸರಿಯಬೇಕಾಗಿತ್ತು ಎಂದು ಕೇಳಿ. ಅವರು ಬಳಸುವ ಗಣಿಯ ಮಾತುಗಳು ಕನ್ನಡವೋ ತಮಿಳೋ ತೆಲುಗೋ ಇಂಗ್ಲಿಷೋ ಎಂದು ತಿದ್ದಲು ಹೋಗಬೇಡಿ, ಹೇಳಿದಂತೆಯೇ ಬರೆದುಕೊಳ್ಳಿ. ಬಾಯಲ್ಲಿ ಹೇಳಲು ಆಗದ್ದನ್ನು ಕೈಯಿಂದ ಮಾಡಿ ತೋರಿಸಲು ಹೇಳಿ, ಅದರ ಚಿತ್ರ ಬರೆಯಿರಿ. ನಿಮ್ಮ ಶಾಲೆಯ ಅಥವಾ ಕಾಲೇಜಿನ ಗ್ರಂಥಾಲಯದಲ್ಲಿ ಆ ಪುಸ್ತಕವನ್ನು ದಿನಾಂಕ ಹಾಕಿ ಇಡಿ. ಇದಕ್ಕೆ ಇನ್ನು ಹೆಚ್ಚು ವರ್ಷಗಳಿಲ್ಲ.